ಹರಿಕಥೆಯ ಹೊತ್ತಿಗೆ ಬೆಂದ ಮೀನು

ಮದುವೆಯಾಗಿ ಜಯನಗರದ ಮನೆಗೆ ಬಂದಾಗ ನನ್ನ ಜೊತೆ ಬಂದ ಸಾಮಾನುಗಳಲ್ಲಿ ಅತ್ತೆಗೆ ಎಲ್ಲಿಡಬೇಕೆಂದು ತಿಳಿಯದೆ ಹೋದದ್ದು ಒಂದೇ ಒಂದು, ನನ್ನ ಓವನ್ನು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಆಗಿನ ಓವನ್ನೆಂದರೆ ಅಲ್ಯೂಮಿನಿಯಮ್ಮಿನ ಗುಂಡು ಪಾತ್ರೆ. ದೊಡ್ಡ ಡಬರಿಯೊಂದಕ್ಕೆ ಮುಚ್ಚಳ ಹಾಕಿದ ಹಾಗೆ ಇರುತ್ತಿತ್ತು. ಮುಚ್ಚಳದ ನಡುವೆ ಅಂಗೈಯಗಲದ ಗಾಜು, ಪಕ್ಕದಲ್ಲಿ ಬಟ್ಟೆ ಸುತ್ತಿದ ದಪ್ಪ ವೈರು. ಬನಶಂಕರಿಯಲ್ಲಿ ನಮ್ಮಮ್ಮನ ಮನೆಯ ಹತ್ತಿರ ಒಬ್ಬ ಆಂಟಿ ಬೇಸಿಗೆ ರಜೆಯಲ್ಲಿ ಕೇಕು ಬಿಸ್ಕತ್ತಿನ ಕ್ಲಾಸು ನಡೆಸುತ್ತಿದ್ದರು. ನಾನು ಅಲ್ಲಿ ಕಲಿತಿದ್ದೆನೆಂದು ಅಪ್ಪ ಮದುವೆಗೆ ಅದನ್ನು ಕೊಡಿಸಿದ್ದರು.

ಅತ್ತೆ ಅದನ್ನು ಒಂದು ಸಲ ಸುತ್ತುಹಾಕಿ ನೋಡಿ, ಹಳೇ ಸೀರೆಯಲ್ಲಿ ಕಟ್ಟಿ ಬೀರುವಿನ ಮೇಲೆ ಏರಿಸಿಬಿಟ್ಟರು. ಅವರ ಅಡಿಗೆಮನೆಯಲ್ಲಿ ಹೊಸಬರಿಗೆ ಜಾಗವಿರಲಿಲ್ಲ, ಆ ಹೊಸಬರಲ್ಲಿ ನಾನೂ ಒಬ್ಬಳು. ಈರುಳ್ಳಿ ಹೆಚ್ಚಬಹುದಿತ್ತು, ಕಾಯಿ ತುರಿಯಬಹುದಿತ್ತು, ಒರಳಿನ ಮುಂದೆ ಕೂತು ಕೈ ಬೀಳುವ ತನಕ ರುಬ್ಬಬಹುದಿತ್ತು. ಒಲೆಯ ಮುಂದೆ ಸೌಟು ಹಿಡಿದು ನಿಲ್ಲುವಂತಿರಲಿಲ್ಲ. ಅವರು ಕೆಟ್ಟವರೇನಲ್ಲ. ನನಗೆ ಜ್ವರ ಬಂದರೆ ರಾತ್ರಿಯಿಡೀ ಕೂತು ಹಣೆಗೆ ಬಟ್ಟೆ ಇಡುವವರು. ಆದರೆ ಸೌಟು ಮಾತ್ರ ಕೊಡುತ್ತಿರಲಿಲ್ಲ. "ನಮ್ಮ ಬೇಗೂರಿನ ಕಡೆ ಸೌಟು ಕೊಟ್ರೆ ಮನೆ ಕೊಟ್ಟ ಹಂಗೆ" ಅನ್ನುತ್ತಿದ್ದರು. ಹಾಗೆಂದು ಬೇಗೂರಿನಲ್ಲಿ ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಗಂಡ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ಅವರು ಎಚ್ಚರವಿದ್ದಾಗ ನಾವು ಮಲಗಿರುತ್ತಿದ್ದೆವು, ನಾವು ಎದ್ದಾಗ ಅವರು ಮಲಗಿರುತ್ತಿದ್ದರು. ಹಾಗಾಗಿ ಮನೆಯಲ್ಲಿ ನನ್ನ ಸಹವಾಸವೆಲ್ಲ ಮಾವನ ಜೊತೆ. ಮಾವ ಅದೇ ಕಾರ್ಖಾನೆಯಲ್ಲಿ ಉಕ್ಕು ಕಾಯಿಸುವ ಕುಲುಮೆಯ ಮುಂದೆ ದುಡಿದು ನಿವೃತ್ತರಾಗಿದ್ದರು. ಎತ್ತರದ ಮನುಷ್ಯ, ಮಾತು ಕಡಿಮೆ. ಊಟದಲ್ಲಿ ಮೀನಿದ್ದರೆ ಅದೂ ಇಲ್ಲ.

ಆ ವರ್ಷ ಮಾವನಿಗೆ ಬಿ.ಪಿ. ಇದೆಯೆಂದು ಗೊತ್ತಾಯಿತು. ಡಾಕ್ಟರು ಕರಿದ ತಿಂಡಿ ಬೇಡ, ಎಣ್ಣೆ ಕಾಯಿ ಉಪ್ಪು ಎಲ್ಲ ಕಮ್ಮಿ ಮಾಡಿ ಎಂದರು. ಅವರು ಮೀನಿನ ಹೆಸರೇ ಎತ್ತಿರಲಿಲ್ಲ. ಆದರೆ ಅತ್ತೆಯ ಪ್ರಕಾರ ಮೀನೆಂದರೆ ಎರಡೇ ಬಗೆ. ಒಂದು ಎಣ್ಣೆಯಲ್ಲಿ ಈಜುವುದು, ಇನ್ನೊಂದು ಕಾಯಿ ಹಾಕಿದ ಸಾರಿನಲ್ಲಿ ಈಜುವುದು. ಎರಡೂ ಹೋದ ಮೇಲೆ ಮೀನೂ ಹೋಯಿತು. ಅಂದಿನಿಂದ ಮಾವನ ತಟ್ಟೆಗೆ ಸೋರೆಕಾಯಿ, ಹೀರೆಕಾಯಿ, ಪಡವಲಕಾಯಿ ಸರದಿಯ ಮೇಲೆ ಬರತೊಡಗಿದವು. ಮಾವ ಯಾವುದಕ್ಕೂ ಎದುರು ಹೇಳಲಿಲ್ಲ. ಊಟ ಮಾಡುವಾಗ ಕಿಟಕಿಯ ಆಚೆ ನೋಡುತ್ತಿದ್ದರು, ಅಷ್ಟೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಗೆ ಮಂಡಿನೋವು. ನಾನು ಜೊತೆಗೆ ಹೋದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ನೋಡಿ, ಪರವಾಗಿಲ್ಲ ಎಂದರು. ಮಾವ ಅಂಗಿಯ ತೋಳು ಇಳಿಸುತ್ತ, ಏನೂ ಆಸೆಯಿಲ್ಲದವರ ಹಾಗೆ ಕೇಳಿದರು:

"ಡಾಕ್ಟ್ರೇ, ಈ ಮೀನು ಇರ್ತದಲ್ಲ, ಅದನ್ನ ಓವನ್ನಲ್ಲಿ ಬೇಕ್ ಮಾಡಿದ್ರೆ ಹೆಂಗೆ?"

"ಎಣ್ಣೆ ಹಾಕ್ದೇನಾ?"

"ಎಣ್ಣೆ ಹಾಕ್ದೇನೇ."

"ಧಾರಾಳವಾಗಿ ತಿನ್ನಿ. ಒಳ್ಳೇದೇ. ಆದ್ರೆ ಮಾಡಿಕೊಡೋರು ಯಾರು ನಿಮಗೆ?"

ಮಾವ ತಲೆ ತಿರುಗಿಸಿ ನನ್ನನ್ನು ನೋಡಿದರು. ಬೀರುವಿನ ಮೇಲಿನ ಗಂಟಿನಲ್ಲಿ ಏನಿದೆಯೆಂದು ಅವರು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು ಎಂದು ಆಗ ತಿಳಿಯಿತು.

ದಾರಿಯಲ್ಲಿ ಪಾರ್ಕು ದಾಟಿದೆವು. ಆಮೇಲೆ, "ಕೇಳಿಸ್ಕೊಂಡೆ ತಾನೇನಮ್ಮ?" ಅಂದರು.

"ಏನು ಮಾವ?"

"ಧಾರಾಳವಾಗಿ ಅಂದ್ರು."

"ಹೂಂ, ಅಂದ್ರು."

"ಅಷ್ಟು ನೆನಪಿಟ್ಕೋ. ನಾಳೆ ದಿನ ನೀನೇ ಸಾಕ್ಷಿ."

ಆ ರಾತ್ರಿ ಊಟದ ಹೊತ್ತಿನಲ್ಲಿ ಮಾವ ನೇರವಾಗಿಯೇ ಕೇಳಿ ನೋಡಿದರು. ಅವರು ಕಳ್ಳದಾರಿ ಹಿಡಿದದ್ದು ರಾಜಮಾರ್ಗ ಮುಚ್ಚಿದ ಮೇಲೆಯೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಪಡವಲಕಾಯಿಯ ಪಲ್ಯವನ್ನು ಬೆರಳಿನಿಂದ ಆಚೀಚೆ ಸರಿಸುತ್ತ, "ಲೇ ಇವಳೇ, ಮೀನು ಬೇಕ್..." ಎಂದು ಶುರುಮಾಡಿದರು. 'ಮಾಡಬಹುದಂತೆ' ಎಂಬುದು ಬಾಯಿಯಲ್ಲೇ ಉಳಿಯಿತು.

"ಬೇಕು ಬೇಕು ಅಂತ ತಿಂದಿದ್ದಕ್ಕೇ ಬಿ.ಪಿ. ಬಂದಿರೋದು" ಎಂದು ಅತ್ತೆ ಇನ್ನೊಂದು ಸೌಟು ಪಲ್ಯ ಬಡಿಸಿದರು. "ಸುಮ್ನೆ ಉಣ್ಣಿ."

ನಾನು ನಗು ತಡೆಯಲಾರದೆ ನೀರು ತರುವ ನೆವದಲ್ಲಿ ಎದ್ದುಹೋದೆ. ಬಂದು ನೋಡಿದರೆ ಮಾವನ ಮುಖದಲ್ಲಿ ಒಂದು ಶಾಂತಿ ಇತ್ತು. ಏನೋ ತೀರ್ಮಾನವಾಗಿದೆ ಎಂದುಕೊಂಡೆ.

ಆಮೇಲೆ ರಾಮನವಮಿ ಬಂತು. ನಮ್ಮ ಬಡಾವಣೆಯಲ್ಲಿ ಆ ದಿನಗಳೆಂದರೆ ಪೆಂಡಾಲು, ಪಾನಕ, ಕೋಸಂಬರಿ, ಮೈಕು. ಎರಡು ರಸ್ತೆ ಆಚೆಯ ಮೈದಾನದಲ್ಲಿ ಪ್ರತಿ ಸಂಜೆ ಹರಿಕಥೆ. ಅತ್ತೆ ಅದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಹರಿಕಥೆ ಮುಗಿಯುವ ತನಕ ಮೀನು ಮಾಂಸ ಮುಟ್ಟುವುದಿಲ್ಲವೆಂದು ಅವರದೊಂದು ವ್ರತವೂ ಇತ್ತು. ಎದುರು ಮನೆಯ ಟೀಚರಮ್ಮ ಮತ್ತು ಮೂಲೆಮನೆಯಾಕೆ ಅವರ ಜೊತೆಗಾರ್ತಿಯರು. ಟೀಚರಮ್ಮ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಏನನ್ನೂ ಪೂರ್ತಿ ಕೇಳಿ ತಿಳಿದುಕೊಳ್ಳದೆ ಬಿಡುವವರಲ್ಲ. ಮೂಲೆಮನೆಯಾಕೆಯದು ಮೂಗು. ಬೀದಿಯ ಆ ತುದಿಯಲ್ಲಿ ಹಾಲು ಉಕ್ಕಿದರೆ ಈ ತುದಿಯಲ್ಲಿ ಅವರಿಗೆ ಗೊತ್ತಾಗುತ್ತಿತ್ತು. ಇಬ್ಬರೂ ಈರುಳ್ಳಿ ಬೆಳ್ಳುಳ್ಳಿಯನ್ನೂ ಲೆಕ್ಕ ನೋಡಿ ತಿನ್ನುವ ಮನೆಯವರು.

ಒಂದು ಬುಧವಾರ ಮಧ್ಯಾಹ್ನ ಮಾವ ಕ್ಯಾಲೆಂಡರಿನ ಮುಂದೆ ನಿಂತು, "ಇವತ್ತು ಸೋಮವಾರವೂ ಅಲ್ಲ, ಶನಿವಾರವೂ ಅಲ್ಲ" ಅಂದರು. ನಾನು ಅಕ್ಕಿ ಆರಿಸುತ್ತಿದ್ದೆ. "ಹೌದು ಮಾವ." "ಏಕಾದಶಿಯೂ ಅಲ್ಲ." "ಅಲ್ಲ." "ಹಂಗಾದ್ರೆ ಸ್ವಲ್ಪ ವಾಕಿಂಗ್ ಹೋಗ್ಬರ್ತೀನಿ" ಎಂದು ಕೈಚೀಲ ತೆಗೆದುಕೊಂಡು ಹೊರಟರು. ವಾಕಿಂಗಿಗೆ ಕೈಚೀಲ ಯಾಕೆಂದು ನಾನು ಕೇಳಲಿಲ್ಲ. ಹಿತ್ತಲಿಗೆ ಹೋಗಿ ಒಂದು ಒಳ್ಳೆಯ ಬಾಳೆಲೆಯನ್ನು ಗುರುತು ಮಾಡಿಟ್ಟೆ.

ಜರಗನಹಳ್ಳಿಯ ಕಡೆ, ಕನಕಪುರ ರಸ್ತೆಯ ಅಂಚಿನಲ್ಲಿ, ಒಬ್ಬ ಹೆಂಗಸು ಒದ್ದೆ ಗೋಣಿಯ ಮೇಲೆ ಕೆರೆಮೀನು ಹರಡಿಕೊಂಡು ಕೂರುತ್ತಿದ್ದಳು. ಮಾವ ಅವಳ ಹತ್ತಿರ ಒಂದು ಕಟ್ಲಾ ಕೊಂಡು, ಅಲ್ಲೇ ಹುರುಪೆ ಹೆರೆಸಿ, ಹೊಟ್ಟೆ ಕ್ಲೀನು ಮಾಡಿಸಿ, ಪೇಪರಿನಲ್ಲಿ ಸುತ್ತಿಸಿ, ಮೇಲೆ ಒಂದು ಕಂತೆ ದಂಟಿನ ಸೊಪ್ಪು ಹೊದಿಸಿ ತಂದರು. ಗೇಟಿನ ಹತ್ತಿರ ಟೀಚರಮ್ಮ ಸಿಕ್ಕರಂತೆ. ಸೊಪ್ಪು ಬಹಳ ತಾಜಾ ಇದೆ, ಎಲ್ಲಿ ತಂದಿರಿ ಎಂದರಂತೆ. ಮಾವ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿ, ಹರಿಕಥೆಗೆ ಹೊತ್ತಾಯಿತಲ್ಲ ಎಂದು ನೆನಪಿಸಿದರಂತೆ.

ಅತ್ತೆ ಗೇಟು ದಾಟಿದ್ದೇ ತಡ, ನಾವಿಬ್ಬರೂ ಕೆಲಸಕ್ಕೆ ಬಿದ್ದೆವು. ಆ ಸಂಜೆಯ ಉತ್ಸಾಹ ನನಗೆ ಈಗಲೂ ಮೈಯಲ್ಲಿದೆ. ಅಡಿಗೆಮನೆಯಲ್ಲಿ ನಾನೊಬ್ಬಳೇ. ಸೌಟು ನನ್ನದು, ಉಪ್ಪಿನ ಡಬ್ಬಿ ನನ್ನದು. ಬೆಳ್ಳುಳ್ಳಿ, ಶುಂಠಿ, ಮೆಣಸು, ಜೀರಿಗೆ, ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಇಷ್ಟನ್ನು ಒರಳಿನಲ್ಲಿ ತರಿತರಿಯಾಗಿ ಅರೆದೆ. ಅರಿಶಿನ ಉಪ್ಪು ಹಚ್ಚಿ ತೊಳೆದ ಮೀನಿನ ಎರಡೂ ಬದಿಗೆ ಚಾಕುವಿನಿಂದ ಗೀರು ಹಾಕಿ, ನಿಂಬೆಹುಳಿ ಹಿಂಡಿ, ಮಸಾಲೆಯನ್ನು ಗೀರುಗಳಿಗೂ ಹೊಟ್ಟೆಗೂ ತುಂಬಿದೆ. ಬಾಳೆಲೆಯನ್ನು ಒಲೆಯ ಮೇಲೆ ಬಾಡಿಸಿ, ಅದರ ಮೇಲೆ ಈರುಳ್ಳಿ ಟೊಮೇಟೊ ಬಿಲ್ಲೆಗಳನ್ನು ಹಾಸಿ, ಮೀನನ್ನು ಮಲಗಿಸಿದೆ. ಮಾವ ಪಕ್ಕದಲ್ಲಿ ನಿಂತು, "ಉಪ್ಪು ಕಮ್ಮಿ ಅಂದಿದಾರೆ" ಎಂದು ಒಮ್ಮೆ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, "ತೀರಾ ಕಮ್ಮಿ ಅಂದಿಲ್ಲ" ಅಂದರು.

ತೊಂದರೆ ಬಂದದ್ದು ಅಳತೆಯಲ್ಲಿ. ಮೀನು ಉದ್ದ, ಓವನ್ನು ಗುಂಡಗೆ. ತಲೆ ಕತ್ತರಿಸೋಣವೆಂದೆ. ಮಾವ ಒಪ್ಪಲಿಲ್ಲ, ಅವರಿಗೆ ಮೀನಿನಲ್ಲಿ ತಲೆಯೇ ಮುಖ್ಯ. "ಕಬ್ಬಿಣನೇ ಬಗ್ಸಿದೀನಿ, ಇದ್ಯಾವ ಲೆಕ್ಕ" ಎಂದು ಎಲೆಯ ಸಮೇತ ಅದನ್ನು ನಿಧಾನವಾಗಿ ಬಗ್ಗಿಸಿ, ಬಾಳೆನಾರಿನಿಂದ ಬಿಗಿದು, ಕೇಕಿನ ತಟ್ಟೆಯಲ್ಲಿ ಕೂರಿಸಿದರು. ಬಾಲ ಹೋಗಿ ತಲೆಯ ಹತ್ತಿರ ನಿಂತಿತು. ಮನೆಯಲ್ಲಿ ಪವರ್ ಪ್ಲಗ್ಗು ಇದ್ದದ್ದು ಒಂದೇ ಕಡೆ, ನಡುಮನೆಯ ಕಿಟಕಿಯ ಪಕ್ಕ. ಹಾಗಾಗಿ ಓವನ್ನನ್ನು ನಡುಮನೆಯ ಟೀಪಾಯಿಯ ಮೇಲೆ ಇಟ್ಟು ಸ್ವಿಚ್ಚು ಹಾಕಿದೆವು. ಮಾವ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹಿಂದೆ ಕುಲುಮೆಯನ್ನು ನೋಡುತ್ತಿದ್ದ ಹಾಗೆ, ಮುಚ್ಚಳದ ಗಾಜನ್ನೇ ನೋಡತೊಡಗಿದರು.

ಸ್ವಲ್ಪ ಹೊತ್ತಿನಲ್ಲಿ ಒಳಗೆ ಸಣ್ಣಗೆ ಚುರ್ ಅಂದಿತು. ಆಮೇಲೆ ವಾಸನೆ ಬಂತು. ಮೊದಲು ಬಾಡಿದ ಎಲೆಯದು, ಅದರ ಹಿಂದೆ ಬೆಳ್ಳುಳ್ಳಿ, ಅದರ ಹಿಂದೆ ಮೀನು. ಮಾವ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರು. ಆ ಉಸಿರು ಹೊರಗೆ ಬರುವ ಮುಂಚೆ ಕರೆಂಟು ಹೋಯಿತು.

ಆ ದಿನಗಳಲ್ಲಿ ಲೋಡ್ ಶೆಡ್ಡಿಂಗ್ ಹೇಳಿಕೇಳಿ ಬರುತ್ತಿರಲಿಲ್ಲ. ಇಡೀ ಬಡಾವಣೆ ಕತ್ತಲಾಯಿತು. ನಾನು ಲಾಟೀನು ಹಚ್ಚಿದೆ. ಮಾವ ಓವನ್ನಿನ ಮೈ ಮುಟ್ಟಿ ನೋಡಿ, "ಕಾವಿದೆ. ಇದನ್ನ ಬಿಡಬಾರ್ದು" ಎಂದರು. ಒಳಗೆ ಹೋಗಿ ತಮ್ಮ ಹಾಸಿಗೆಯ ಕರಿ ಕಂಬಳಿಯನ್ನು ತಂದು ಓವನ್ನಿಗೆ ತಲೆಯಿಂದ ಕಾಲಿನ ತನಕ ಹೊದಿಸಿದರು. "ಬಿಸಿ ಒಳಗೇ ಇದ್ರೆ ತಾನಾಗೇ ಬೇಯ್ತದೆ ಕಣಮ್ಮ."

ನಮಗಿಬ್ಬರಿಗೂ ಹೊಳೆಯದ ಸಂಗತಿ ಒಂದಿತ್ತು. ನಮ್ಮ ಮನೆಯ ಕರೆಂಟು ಹೋದರೆ ಪೆಂಡಾಲಿನ ಕರೆಂಟೂ ಹೋಗುತ್ತದೆ. ಮೈಕು ನಿಲ್ಲುತ್ತದೆ. ಮೈಕು ನಿಂತರೆ ಹಿಂದಿನ ಸಾಲಿನಲ್ಲಿ ಕೂತವರು ಎದ್ದು ಮನೆಗೆ ಬರುತ್ತಾರೆ.

ಗೇಟು ಕಿರ್ ಎಂದಿತು. ಅತ್ತೆಯ ದನಿ ಕೇಳಿತು: "ಬನ್ರೀ, ಲೈಟ್ ಬರೋ ತನಕ ನಮ್ಮನೇಲೇ ಕೂತ್ಕೊಳ್ಳಿ. ಕತ್ತಲಲ್ಲಿ ನಿಮ್ಮ ಬೀಗ ಹುಡುಕ್ಕೊಂಡು ಯಾಕೆ ಒದ್ದಾಡ್ತೀರಿ?"

ಮಾವ ನನ್ನನ್ನು ನೋಡಿದರು. ನಾನು ಮಾವನನ್ನು ನೋಡಿದೆ. ಲಾಟೀನಿನ ಬೆಳಕಿನಲ್ಲಿ ಅವರ ನೆರಳು ಗೋಡೆಯ ಮೇಲೆ ಬಹಳ ದೊಡ್ಡದಾಗಿ, ಬಹಳ ಅಪರಾಧಿಯಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಮೂವರೂ ಒಳಗೆ ಬಂದಾಯಿತು. ಅತ್ತೆ ಮುಂದೆ, ಟೀಚರಮ್ಮ ಅವರ ಹಿಂದೆ, ಕೊನೆಯಲ್ಲಿ ಮೂಲೆಮನೆಯಾಕೆ.

ಟೀಚರಮ್ಮ ಬಾಗಿಲಲ್ಲೇ ನಿಂತರು. "ಯಾರ್ರೀ ಅದು, ಕಂಬಳಿ ಹೊದ್ಕೊಂಡು ಕೂತಿರೋದು? ಊರಿಂದ ಯಾರಾದ್ರೂ ಬಂದಿದಾರಾ? ಹುಷಾರಿಲ್ವಾ?"

"ಕೇಕು, ಆಂಟಿ" ಎಂದೆ ನಾನು. ಬಾಯಿಗೆ ಬಂದದ್ದು ಅದೊಂದೇ. "ಕರೆಂಟ್ ಹೋಯ್ತಲ್ಲ, ತಣ್ಣಗಾದ್ರೆ ಕೂತುಬಿಡತ್ತೆ ಅಂತ ಹೊದಿಸಿದೀವಿ."

"ಅಯ್ಯೋ, ನಾನು ಯಾರೋ ವಯಸ್ಸಾದೋರು ಅಂದ್ಕೊಂಡೆ" ಎಂದು ಅವರು ಕುರ್ಚಿಯಲ್ಲಿ ಕೂತರು.

ಮೂಲೆಮನೆಯಾಕೆ ಕೂರಲಿಲ್ಲ. ತಲೆ ಸ್ವಲ್ಪ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು. ಅದೇ ಹೊತ್ತಿಗೆ ಅತ್ತೆಯ ಬಳೆಗಳ ಸದ್ದು ನಿಂತಿತು. ಅತ್ತೆ ಬೇಗೂರಿನ ಕೆರೆಯ ದಂಡೆಯಲ್ಲಿ ಬೆಳೆದವರು. ಕತ್ತಲಲ್ಲಿ, ಕಂಬಳಿಯ ಒಳಗೆ, ಬಾಳೆಲೆಯ ಒಳಗೆ ಕಟ್ಲಾ ಇದ್ದರೆ ಅವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಬೀಳುತ್ತದೆ ಸಿಡಿಲು ಎಂದು ಕಾದೆ.

"ಏನಮ್ಮ, ಸೊಳ್ಳೆ ಇಷ್ಟೊಂದಿದೆ, ಬಂದೋರಿಗೆ ಒಂಚೂರು ಸಾಂಬ್ರಾಣಿ ಹಾಕೋಕಾಗ್ಲಿಲ್ವಾ ನಿನಗೆ?" ಅಂದರು ಅತ್ತೆ. ದನಿ ಎಂದಿನಂತೆಯೇ ಇತ್ತು. "ಜಾಸ್ತಿ ಹಾಕು."

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ನಾನು ಅಡಿಗೆಮನೆಗೆ ಓಡಿ, ಒಲೆಯ ಇದ್ದಿಲು ಕೆಂಪು ಮಾಡಿ, ಡಬ್ಬಿಯಲ್ಲಿದ್ದ ಸಾಂಬ್ರಾಣಿಯನ್ನೆಲ್ಲ ಸುರಿದು ತಂದೆ. ನಡುಮನೆ ಮೋಡದಂತಾಯಿತು. ಟೀಚರಮ್ಮ ಕೆಮ್ಮಿದರು. ಆ ಹೊಗೆಯ ಒಳಗಿಂದ ಮೂಲೆಮನೆಯಾಕೆಯ ದನಿ ಬಂತು:

"ಅದೆಲ್ಲ ಸರಿ ಕಣ್ರೀ, ಇನ್ನೇನೋ ಇದೆ. ಬೆಳ್ಳುಳ್ಳಿ ಇದೆ. ಕೇಕಿಗೆ ಬೆಳ್ಳುಳ್ಳಿ ಹಾಕ್ತಾರಾ?"

"ಬದನೆಕಾಯಿ" ಎಂದರು ಅತ್ತೆ ತಕ್ಷಣ. "ಇವರಿಗೆ ಡಾಕ್ಟ್ರು ಎಣ್ಣೆ ಬಿಡಿಸಿದಾರಲ್ಲ, ಬದನೆಕಾಯಿಗೆ ಮಸಾಲೆ ತುಂಬಿ ಎಲೇಲಿ ಕಟ್ಟಿ ಬೇಯಿಸ್ತಾ ಇದೀವಿ."

"ಕೇಕು ಅಂದಳಲ್ಲ ಈಗ?" ಎಂದರು ಟೀಚರಮ್ಮ.

ಹೊಗೆಯಲ್ಲಿ ಅತ್ತೆಯ ಬಳೆಗಳು ಒಂದು ಸಲ ಸದ್ದು ಮಾಡಿದವು.

"ಬದನೆಕಾಯಿ ಕೇಕು" ಅಂದರು ಅತ್ತೆ.

ನಾನು ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದೆ. ಮಾವ ಇದ್ದಕ್ಕಿದ್ದಂತೆ ಲಾಟೀನಿನ ಬತ್ತಿಯನ್ನು ಪರೀಕ್ಷಿಸತೊಡಗಿದರು. ಟೀಚರಮ್ಮನಿಗೆ ಕುತೂಹಲ ಹತ್ತಿತು. ಅದನ್ನು ಹೇಗೆ ಮಾಡುತ್ತೀರಿ, ಯಾವ ಬದನೆಕಾಯಿ, ಎಷ್ಟು ಹೊತ್ತು ಬೇಯಬೇಕು ಎಂದು ಒಂದೊಂದೇ ಕೇಳಿದರು. ಅತ್ತೆ ಒಂದಕ್ಕೂ ತಡವರಿಸಲಿಲ್ಲ. ಕಡಲೆಹಿಟ್ಟು ಎಂದರು, ನಿಂಬೆಹುಳಿ ಎಂದರು, ಎಲೆಯನ್ನು ಬಾಡಿಸದಿದ್ದರೆ ಒಡೆದುಹೋಗುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟರು. ಜಗತ್ತಿನಲ್ಲಿ ಇಲ್ಲದ ಒಂದು ಅಡಿಗೆಯನ್ನು ಅವರು ಅಷ್ಟು ರುಚಿಯಾಗಿ ಹೇಳಿದರೆಂದರೆ ನನಗೇ ಒಂದು ತುಂಡು ತಿನ್ನಬೇಕೆನಿಸಿತು.

ಆಗ ಕರೆಂಟು ಬಂತು. ಸ್ವಿಚ್ಚು ಆರಿಸುವುದನ್ನು ನಾವು ಮರೆತಿದ್ದೆವು. ಕಂಬಳಿಯೊಳಗಿನ ಓವನ್ನು ಮತ್ತೆ ಕಾಯತೊಡಗಿ, ಮೊದಲು ಒಂದು ಎಳೆ ಹೊಗೆ, ಆಮೇಲೆ ಉಣ್ಣೆ ಸುಟ್ಟ ನಾತ. ಮಾವ ಹಾರಿ ಕಂಬಳಿಯನ್ನು ಕಿತ್ತು ಅಂಗಳಕ್ಕೆ ಎಸೆದರು. ಅಂಗೈಯಗಲದ ತೂತು ಬಿದ್ದಿತ್ತು. ಆದರೆ ಉಪಕಾರವೂ ಆಯಿತು, ಆ ನಾತದ ಮುಂದೆ ಮೂಲೆಮನೆಯಾಕೆಯ ಮೂಗು ಸೆರಗಿನ ಹಿಂದೆ ಅಡಗಿತು.

ಟೀಚರಮ್ಮ ಮಾತ್ರ ಎದ್ದು ಬಂದು ಗಾಜಿನಲ್ಲಿ ಇಣುಕಿದರು. ಒಳಗೆ ಮಬ್ಬು ಮಬ್ಬಾಗಿ, ಹಸಿರು ಕಂದು ಬಣ್ಣದ, ಗುಂಡಗೆ ಬಗ್ಗಿದ ಗಂಟು. "ಅಬ್ಬಾ! ಎಷ್ಟು ದೊಡ್ಡ ಬದನೆಕಾಯಿ ರೀ!"

"ನಮ್ಮೂರಿಂದು" ಎಂದರು ಅತ್ತೆ. "ಕೆರೇದು." ಒಂದು ಸಲ ಗಂಟಲು ಸರಿಮಾಡಿಕೊಂಡು, "ಕೆರೆ ಪಕ್ಕದ ತೋಟದ್ದು" ಅಂದರು.

"ಸ್ವಲ್ಪ ರುಚಿ ನೋಡೋಣ ಅನ್ಸತ್ತೆ. ಆಯ್ತೇನೋ ನೋಡಮ್ಮ."

ಇಲ್ಲಿಯ ತನಕದ್ದು ತಮಾಷೆ. ಇನ್ನು ಮುಂದಿನದು ತಮಾಷೆಯಲ್ಲ, ಆಗಬಾರದ್ದು. ಅತ್ತೆ ಎದ್ದು ಹೋಗಿ ಟೀಚರಮ್ಮನ ಕೈಯನ್ನೇ ಹಿಡಿದುಕೊಂಡರು. "ಬೆಳ್ಳುಳ್ಳಿ ಹಾಕಿಬಿಟ್ಟಿದೀವಲ್ರೀ. ಹರಿಕಥೆ ಮುಗಿಯೋ ತನಕ ನೀವು ಬೆಳ್ಳುಳ್ಳಿ ತಿನ್ನಲ್ಲ. ನಿಮ್ಮ ನೇಮ ನಾನು ಕೆಡಿಸ್ಲಾ? ಆಮೇಲೆ ಒಂದು ದಿನ ಬೆಳ್ಳುಳ್ಳಿ ಇಲ್ದೆ ಮಾಡಿ ನಾನೇ ತಂದುಕೊಡ್ತೀನಿ." ಟೀಚರಮ್ಮ ಒಪ್ಪಿದರು. ಅಷ್ಟರಲ್ಲಿ ದೂರದಲ್ಲಿ ಮೈಕು ಗೊರಗೊರ ಎಂದು ಗಂಟಲು ಬಿಟ್ಟುಕೊಂಡು, ದಾಸರ ದನಿ ಮತ್ತೆ ತೇಲಿಬಂತು. ಇಬ್ಬರೂ ಗಡಿಬಿಡಿಯಿಂದ ಎದ್ದರು. ಅತ್ತೆ ಮಂಡಿನೋವು ಎಂದು ಉಳಿದರು. ಗೇಟಿನ ತನಕ ಹೋಗಿ ಬೀಳ್ಕೊಟ್ಟು, ಚಿಲಕ ಹಾಕಿ, ನಿಧಾನವಾಗಿ ಒಳಗೆ ಬಂದರು.

ಮಾವ ಹೆಡ್ಮಾಸ್ಟರ ಕೋಣೆಯ ಮುಂದೆ ನಿಲ್ಲಿಸಿದವರ ಹಾಗೆ ನಿಂತಿದ್ದರು. ಅವರ ಪಕ್ಕದಲ್ಲಿ ನಾನು. ಅತ್ತೆ ಇಬ್ಬರನ್ನೂ ನೋಡಿದರು.

"ಯಾವ ಮೀನು?"

"ಕಟ್ಲಾ" ಎಂದರು ಮಾವ.

"ಕೆರೇದಾ, ಐಸಿಂದಾ?"

"ಕೆರೇದು ಅಂದ್ಳು."

"ಅಂದ್ಳು! ಕಿವಿರು ಎತ್ತಿ ನೋಡಿದ್ರಾ? ಕೆಂಪಗಿತ್ತಾ?"

"ಇತ್ತು... ಇತ್ತು ಅನ್ಸತ್ತೆ."

"ಅನ್ಸತ್ತೆ" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಎಣ್ಣೆ ಎಷ್ಟು ಹಾಕ್ದೆ?"

"ಹಾಕಿಲ್ಲ ಅತ್ತೆ. ಒಂದು ತೊಟ್ಟೂ ಹಾಕಿಲ್ಲ. ಕಾಯಿಯೂ ಇಲ್ಲ. ಡಾಕ್ಟ್ರೇ ಹೇಳಿದ್ರು, ಬೇಕ್ ಮಾಡಿದ್ರೆ ಧಾರಾಳವಾಗಿ ತಿನ್ನಬಹುದು ಅಂತ. ನನ್ನ ಮುಂದೇನೇ ಹೇಳಿದ್ರು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದೆ" ಎಂದರು ಮಾವ ಸಣ್ಣಗೆ. "ನೀನು ಪಲ್ಯ ಬಡಿಸ್ದೆ."

ಅತ್ತೆ ಏನೋ ಹೇಳಲು ಬಾಯಿ ತೆರೆದವರು ಮುಚ್ಚಿದರು. ಅವರ ಹೊಟ್ಟೆ ಸಣ್ಣಗೆ ಅಲುಗತೊಡಗಿತು. ಆಮೇಲೆ ಭುಜ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವರು ನೆಲದ ಮೇಲೆಯೇ ಕೂತುಬಿಟ್ಟರು. "ಬದನೆಕಾಯಿ ಕೇಕಂತೆ! ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಬೀಳ!" ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಆ ತನಕ ನೋಡಿರಲಿಲ್ಲ. ಮಾವ ನೋಡಿದ್ದರೇನೋ, ಬಹಳ ಹಿಂದೆ. ಅವರು ನಗದೆ, ಹೆಂಡತಿಯನ್ನೇ ನೋಡುತ್ತ ನಿಂತಿದ್ದರು.

ನಗು ಮುಗಿದ ಮೇಲೆ ಅತ್ತೆ ಎದ್ದು ಮುಚ್ಚಳ ತೆಗೆದು, ಎಲೆಯ ಒಂದು ಅಂಚು ಬಿಡಿಸಿ, ಬೆರಳಿನಿಂದ ಒತ್ತಿ ನೋಡಿದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಕಾದೆ. "ಇನ್ನೊಂದು ಸ್ವಲ್ಪ ಬೇಯ್ಬೇಕು" ಎಂದು ಮುಚ್ಚಿದರು. "ಅನ್ನಕ್ಕಿಡು."

ಬಿಸಿ ಅನ್ನ, ತಿಳಿಸಾರು, ಗುಂಡಗೆ ಬಗ್ಗಿದ ಕಟ್ಲಾ. ಎಲೆ ಬಿಡಿಸಿದಾಗ ಎದ್ದ ಹಬೆಯಲ್ಲಿ ಮಾವನ ಕನ್ನಡಕ ಮಂಜಾಯಿತು. ಅವರು ಅದನ್ನು ಒರೆಸಲೂ ಇಲ್ಲ. ಅತ್ತೆ ವ್ರತದಲ್ಲಿದ್ದುದರಿಂದ ತಿನ್ನುವಂತಿರಲಿಲ್ಲ. ಪಕ್ಕದಲ್ಲಿ ಕೂತು ಮಾವನಿಗೆ ಮುಳ್ಳು ಬಿಡಿಸಿ ಕೊಡತೊಡಗಿದರು.

"ಹೆಂಗಿದೆ?"

"ಚೆನ್ನಾಗಿದೆ" ಎಂದರು ಮಾವ.

"ಚೆನ್ನಾಗಿದೆ ಅಂದ್ರೆ? ಉಪ್ಪು?"

"ಚೆನ್ನಾಗಿದೆ."

"ಮಸಾಲೆ ಒಳಗೆ ಇಳಿದಿದೆಯಾ?"

"ಚೆನ್ನಾಗಿ ಇಳಿದಿದೆ."

"ನಿಮ್ಮನ್ನ ಕೇಳೋದೂ ಒಂದೇ, ಕಂಬಾನ ಕೇಳೋದೂ ಒಂದೇ." ಅತ್ತೆ ನನ್ನನ್ನು ಕೇಳಿದರು. ನಾನು ಮಾಡಿದ್ದನ್ನು ನಾನೇ ಹೇಗೆ ಹೊಗಳಲಿ? ಅವರು ಮುಳ್ಳು ಬಿಡಿಸಿದ ಬೆರಳುಗಳನ್ನು ನೋಡಿಕೊಂಡರು. ಹೊರಗೆ ದಾಸರ ಹಾಡು ಕೇಳುತ್ತಿತ್ತು, ಮೈಕು ಮತ್ತೆ ಕೈಕೊಟ್ಟು ನಿಂತಿತು.

"ಇವತ್ತಿನ ಕಥೆ ನಾನು ಅರ್ಧ ಕೇಳಿದ್ದು" ಎಂದರು ಅತ್ತೆ, ತಮಗೆ ತಾವೇ ಲೆಕ್ಕ ಒಪ್ಪಿಸುವವರಂತೆ. "ಅರ್ಧ ಕಥೆಗೆ ಪೂರ್ತಿ ವ್ರತ ಎಲ್ಲಾದ್ರೂ ಉಂಟಾ?"

"ಎಲ್ಲೂ ಇಲ್ಲ" ಎಂದರು ಮಾವ.

"ಒಂದು ತಟ್ಟೆ ತಾರಮ್ಮ."

ತಲೆ ಅವರ ತಟ್ಟೆಗೆ ಹೋಯಿತು. ಮಾವ ತಡೆಯಲಿಲ್ಲ. ಅತ್ತೆ ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದರು. "ಹುಳಿ ಇನ್ನೊಂಚೂರು ಇರಬಹುದಿತ್ತು" ಎಂದರು. ಆಮೇಲೆ ಎಲುಬು ಮಾತ್ರ ಉಳಿಯುವ ತನಕ ಉಂಡರು. ಕೈ ತೊಳೆಯಲು ಏಳುವಾಗ ನನ್ನ ತಲೆಯ ಮೇಲೆ ಎಡಗೈ ಇಟ್ಟು, ಅದನ್ನೇ ಆಸರೆಯಾಗಿ ಒತ್ತಿ ಎದ್ದರು. ಅದು ಮಂಡಿನೋವಿಗೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ. ಬಾಲವನ್ನು ನನ್ನ ಗಂಡನಿಗೆಂದು ಮುಚ್ಚಿಟ್ಟೆವು.

ಸುಳ್ಳಿಗೂ ಅದರದೇ ಆಯುಸ್ಸು ಇರುತ್ತದೆ. ಮುಂದಿನ ವಾರ ಟೀಚರಮ್ಮ ಅತ್ತೆ ಹೇಳಿದಂತೆಯೇ, ಬೆಳ್ಳುಳ್ಳಿಯೊಂದು ಬಿಟ್ಟು, ಬದನೆಕಾಯಿ ಕೇಕು ಮಾಡಿದರು. ಅದನ್ನು ತಟ್ಟೆಯಲ್ಲಿ ಮುಚ್ಚಿಕೊಂಡು ನಮ್ಮ ಮನೆಗೂ ತಂದರು. ಮಾವ ಅದನ್ನು ಅವರ ಎದುರೇ ಗಂಭೀರವಾಗಿ ತಿನ್ನಬೇಕಾಯಿತು. ತಮಾಷೆಯೆಂದರೆ ಅದು ನಿಜವಾಗಿಯೂ ಚೆನ್ನಾಗಿತ್ತು. ಮೂಲೆಮನೆಯಾಕೆ ಕಲಿತರು, ಅವರ ತಂಗಿ ಕಲಿತರು. ನಮ್ಮ ಬೀದಿಯಲ್ಲಿ ಯಾರದೋ ಸೀಮಂತಕ್ಕೆ ಅದನ್ನು ಬಡಿಸಿದರು. "ನಾವು ಎಷ್ಟು ಮಾಡಿದ್ರೂ ಅವತ್ತು ನಿಮ್ಮನೇಲಿ ಬಂದ ಪರಿಮಳ ಬರಲ್ಲ ಕಣ್ರೀ" ಎಂದರು ಟೀಚರಮ್ಮ. "ಎಲ್ಲ ನಮ್ಮ ಸೊಸೆಯ ಕೈಗುಣ" ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಹರಿಕಥೆ ಮುಗಿದ ಭಾನುವಾರ ಅತ್ತೆ ತಾವೇ ಚೀಲ ಹಿಡಿದು ನನ್ನನ್ನು ಕರೆದುಕೊಂಡು ಹೊರಟರು. ಮೀನಿನ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿವಿರು ಎತ್ತಿ, ಕಣ್ಣು ನೋಡಿ, ಹೊಟ್ಟೆ ಒತ್ತಿ, ಒಂದೇ ಅಳತೆಯ ಎರಡು ಮೀನು ಆರಿಸಿದರು. ಎರಡು ಯಾಕೆಂದು ಕೇಳಿದೆ.

"ಒಂದು ನಿಂದು, ಒಂದು ನಂದು" ಎಂದರು. ಮನೆಗೆ ಬಂದ ಮೇಲೆ ತಿಳಿಯಿತು. ನನ್ನದು ಓವನ್ನಿಗೆ. ಅವರದು ಬಚ್ಚಲ ಹಂಡೆಯ ಒಲೆಗೆ. ನೀರು ಕಾದು ಉಳಿದಿದ್ದ ಕೆಂಡವನ್ನು ಸರಿಸಿ, ಎರ‌ಡು ಪದರ ಎಲೆ ಸುತ್ತಿ ಮೇಲೆ ಕೆಮ್ಮಣ್ಣು ಮೆತ್ತಿದ ಮೀನನ್ನು ಅದರೊಳಗೆ ಹೂತಿಟ್ಟರು. ಒಲೆಯ ಮುಂದೆ ಕೂತು ಹೇಳಿದರು: ಚಿಕ್ಕಂದಿನಲ್ಲಿ ಬೇಸಿಗೆಗೆ ಬೇಗೂರಿನ ಕೆರೆ ಇಳಿದಾಗ ಊರಿಗೆ ಊರೇ ಕುಕ್ಕೆ ಹಿಡಿದು ನೀರಿಗಿಳಿಯುತ್ತಿತ್ತಂತೆ. ಅವರಮ್ಮ ದಂಡೆಯ ಮೇಲೆಯೇ ಬೆಂಕಿ ಮಾಡಿ ಹೀಗೆ ಸುಟ್ಟು ಕೊಡುತ್ತಿದ್ದರಂತೆ. "ಅದಕ್ಕೆ ಬೇಕು ಬೇಡ ಅಂತ ಹೆಸರೇನೂ ಇರಲಿಲ್ಲ. ಸುಟ್ಟ ಮೀನು ಅಂತಿದ್ವಿ."

ಮಧ್ಯಾಹ್ನ ಎರಡೂ ಮೀನು ಮಾವನ ಮುಂದೆ ಬಂದವು. ಆ ಕಡೆ ಅತ್ತೆ, ಈ ಕಡೆ ನಾನು. ಯಾವುದು ಚೆನ್ನಾಗಿದೆ, ನಿಜ ಹೇಳಿ ಎಂದರು ಅತ್ತೆ. ಮಾವ ಅದರಲ್ಲೊಂದು ತುಂಡು, ಇದರಲ್ಲೊಂದು ತುಂಡು ತಿಂದರು. ಚಾವಣಿ ನೋಡಿದರು. ಸರಿಯಾಗಿ ತಿಳಿಯುತ್ತಿಲ್ಲವೆಂದು ಇನ್ನೊಂದು ಸುತ್ತು ತಿಂದರು. ಮೊದಲಿನದರ ರುಚಿ ಮರೆತುಹೋಯಿತೆಂದು ಮತ್ತೆ ಅದರ ಕಡೆಗೆ ಕೈ ಹಾಕಿದರು.

"ಏನ್ರೀ, ಇನ್ನೂ ತೀರ್ಮಾನ ಆಗ್ಲಿಲ್ವಾ?" ಎಂದರು ಅತ್ತೆ.

"ಅವಸರ ಮಾಡಬೇಡ" ಎಂದರು ಮಾವ, ಬಾಯಿ ತುಂಬಿಕೊಂಡು. "ಮುಂದಿನ ಭಾನುವಾರ ಇನ್ನೊಂದ್ಸಲ ನೋಡಿ ಹೇಳ್ತೀನಿ."